ಜೋಡಿನಂಟು ದೋಷ

“ರೋಗಿ ನಿಮಗೆ ಏನಾಗಬೇಕು?” ಎಂದು ಕೌಂಟರಿನ ಪರದೆ ಕೇಳಿತು.

“ನಮ್ ಮಾವ,” ಅಂದಳು ಜಯಶೀಲ.

ಮಾತು ಬಂದಾಗಿನಿಂದ ಅವಳು ಚೆಲುವರಾಜುವನ್ನು ಕರೆದದ್ದು ಹಾಗೆಯೇ. ಅವನು ಅವಳ ತಾಯಿಯ ತಮ್ಮ. ಅವಳಿಗೆ ಇಪ್ಪತ್ತೊಂದು ತುಂಬಿದ ವರ್ಷ ಚನ್ನಪಟ್ಟಣದ ಕಲ್ಯಾಣ ಮಂಟಪವೊಂದರಲ್ಲಿ ಎರಡೂ ಕಡೆಯ ಆರುನೂರು ಜನ ಅಕ್ಷತೆ ಹಾಕಿದರು. ಎರಡೂ ಕಡೆಯೆಂದರೆ ಒಂದೇ ಕಡೆ. ಅವತ್ತಿನಿಂದ ಅವನು ಅವಳ ಗಂಡ. ತಾಳಿ ಬಿದ್ದ ಮೇಲೂ ಮಾವ ಮಾವನಾಗಿಯೇ ಉಳಿದ. ಅದಕ್ಕೆ ಮೂವತ್ತೊಂದು ವರ್ಷವಾಗಿತ್ತು.

ಪರದೆ ಹಸಿರಾಗಿ, ಮತ್ತೆ ಕೆಂಪಾಗಿ, ನಯವಾದ ಹೆಣ್ಣುದನಿಯಲ್ಲಿ ಹೇಳಿತು: “ಧನ್ಯವಾದ. ನೀವು ರೋಗಿಯ ಅಕ್ಕನ ಮಗಳು. ಅಂಗ ಕಸಿ ನಿಯಮದ ಪ್ರಕಾರ ಅಕ್ಕನ ಮಗಳು ಹತ್ತಿರದ ಸಂಬಂಧಿ ಅಲ್ಲ. ನಿಮ್ಮ ಮೂತ್ರಪಿಂಡವನ್ನು ಸ್ವೀಕರಿಸಲಾಗುವುದಿಲ್ಲ.”

“ಮಾವ ಅಂದ್ರೆ ನಮ್ಮೆಜಮಾನ್ರು ಕಣವ್ವ. ನನ್ನ ಗಂಡ.”

“ಕ್ಷಮಿಸಿ. ಕುಟುಂಬಜಾಲದಲ್ಲಿ ಚೆಲುವರಾಜು ಅವರಿಗೆ ಪತ್ನಿ ಇಲ್ಲ.”

ಸಾಲಿನಲ್ಲಿ ಹಿಂದೆ ನಿಂತಿದ್ದ ಯಾರೋ ಕಿಸಕ್ಕನೆ ನಕ್ಕರು. ಜಯಶೀಲ ತಿರುಗಿ ನೋಡಿದಳು. ನಗು ನಿಂತಿತು. ಅವಳು ಕೊರಳಿನ ತಾಳಿಯನ್ನು ಎತ್ತಿ ಪರದೆಯ ಮುಂದೆ ಹಿಡಿದಳು, ಅದಕ್ಕೆ ಕಣ್ಣಿದೆ ಎಂಬಂತೆ. “ಇದೇನ್ ಹಂಗಾರೆ? ಇದನ್ ಯಾರ್ ಕಟ್ಟಿದ್ರು?”

ಪರದೆ ಮುಂದಿನವರನ್ನು ಕರೆಯಿತು.

ಕಸಿ ವಿಭಾಗದ ಡಾಕ್ಟರ್ ನಫೀಸಾ ಅವಳನ್ನು ಒಳಗೆ ಕರೆದು ಕೂರಿಸಿದರು. ಎಲ್ಲ ಪರೀಕ್ಷೆಗಳೂ ಹೋದ ತಿಂಗಳೇ ಮುಗಿದಿದ್ದವು. ಜಯಶೀಲಳ ಮೂತ್ರಪಿಂಡ ಚೆಲುವರಾಜುವಿಗೆ ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ, ಡಾಕ್ಟರೇ ವರದಿಯನ್ನು ಎರಡು ಸಲ ಓದಿದ್ದರು.

“ಇಷ್ಟು ಹೊಂದೋದಕ್ಕೆ ಕಾರಣಾನೇ ನೀವು ಅವರ ಅಕ್ಕನ ಮಗಳಾಗಿರೋದು,” ಅಂದರು ನಫೀಸಾ. “ಆದ್ರೆ ಕೊಡೋ ಹಕ್ಕು ಇರೋದು ಹೆಂಡತಿಗೆ. ಹೋದ ತಿಂಗಳು ಜಾಲದಲ್ಲಿ ಹೆಂಡತಿ ಅಂತಲೇ ಇತ್ತು. ನಾನೇ ನೋಡಿದ್ದೆ. ಈಗ ನಿಮ್ಮಿಬ್ಬರನ್ನ ಸೇರಿಸೋ ಆ ಗೆರೆಯೇ ಇಲ್ಲ.”

“ಗೆರೆ ಇಲ್ದಿದ್ರೆ ಏನಾತು? ನಾನಿದೀನಲ್ಲ.”

“ಜಾಲ ಒಪ್ಪದೆ ಆಪರೇಷನ್ ಥಿಯೇಟರಿನ ಬಾಗಿಲೇ ತೆಗೆಯಲ್ಲಮ್ಮ. ತಿದ್ದುಪಡಿಗೆ ಅರ್ಜಿ ಕೊಡಿ. ತೊಂಬತ್ತು ದಿನ ಅಂತಾರೆ.” ಡಾಕ್ಟರ್ ದನಿ ತಗ್ಗಿಸಿದರು. “ಅವರ ಕೈಯ ರಕ್ತನಾಳ ಮೂರನೇ ಸಲ ಕಟ್ಟಿಕೊಂಡಿದೆ. ಡಯಾಲಿಸಿಸ್‌ಗೆ ಇನ್ನು ಜಾಗ ಹುಡುಕೋದು ಕಷ್ಟ. ಆರು ವಾರ, ಹೆಚ್ಚು ಅಂದ್ರೆ ಎಂಟು.”

*

ಎಲ್ಲರ ನಂಟುಗಳನ್ನೂ ಒಂದೆಡೆ ಕೂಡಿಸುವ ಕುಟುಂಬಜಾಲ ಬಂದಾಗ ಜನ ಖುಷಿಯಿಂದಲೇ ತಮ್ಮವರ ಹೆಸರು ಬರೆದಿದ್ದರು. ಒಂದು ಮನೆಯವರು ತಾತನ ಹೆಸರು ಬರೆದರೆ, ಎಲ್ಲೋ ಇದ್ದ ಮತ್ತೊಂದು ಮನೆಯವರು ಅದೇ ತಾತನ ತಮ್ಮನನ್ನು ಸೇರಿಸುತ್ತಿದ್ದರು. ಎರಡು ಮರಗಳು ತಮ್ಮಷ್ಟಕ್ಕೇ ಕೂಡಿಕೊಳ್ಳುತ್ತಿದ್ದವು. ಮುಖ ನೋಡದ ದಾಯಾದಿಗಳು ಫೋನು ಮಾಡಿ ಅತ್ತರು. ಆರೋಗ್ಯ ಚೀಟಿಗೆಂದು ಕೊಟ್ಟ ರಕ್ತದ ಮಾದರಿಯೂ ಜಾಲಕ್ಕೆ ಸೇರಿದ್ದರಿಂದ ಯಾರು ಯಾರ ಮಗ, ಯಾರು ಯಾರ ಮಗಳು ಎಂಬುದನ್ನು ಅದೇ ತಾಳೆ ನೋಡುತ್ತಿತ್ತು. ಮೂರು ವರ್ಷದಲ್ಲಿ ಸರ್ಕಾರಕ್ಕೆ ಅದು ಎಷ್ಟು ಹಿಡಿಸಿತೆಂದರೆ, ವಂಶವೃಕ್ಷ ಪತ್ರ, ಮದುವೆ ನೋಂದಣಿ, ವಾರಸುದಾರಿಕೆ ಎಲ್ಲವನ್ನೂ ಅದಕ್ಕೇ ಒಪ್ಪಿಸಿ ಹಳೆಯ ಪುಸ್ತಕಗಳನ್ನು ಮುಚ್ಚಿಬಿಟ್ಟರು. ಜಾಲದಲ್ಲಿ ಇದ್ದದ್ದು ಉಂಟು. ಇಲ್ಲದ್ದು ಇಲ್ಲ.

ಮೈಸೂರಿನ ಕುಟುಂಬಜಾಲ ಪ್ರಾಧಿಕಾರದಲ್ಲಿ ಶರ್ವಾಣಿ ಹಿರಿಯ ಎಂಜಿನಿಯರು. ಜಾಲ ಯಾವ ತಂತ್ರಾಂಶದ ಮೇಲೆ, ಯಾವ ಮಾನದಂಡದಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಿದ ಏಳು ಜನರ ಸಮಿತಿಯಲ್ಲಿ ಅವಳೂ ಒಬ್ಬಳು. ಅವರ ಮುಂದೆ ಎರಡು ಆಯ್ಕೆಗಳಿದ್ದವು. ಒಂದರ ಹೆಸರು ‘ಎಳೆ’. ಧಾರವಾಡದ ಕೆಲವು ನಿವೃತ್ತ ಗ್ರಂಥಪಾಲಕರೂ ಇಬ್ಬರು ಕಂಪ್ಯೂಟರ್ ಮೇಷ್ಟರೂ ಸೇರಿ ಹತ್ತು ವರ್ಷ ಊರೂರು ಅಲೆದು ಕಟ್ಟಿದ್ದು. ಇಬ್ಬರ ನಡುವೆ ಎಷ್ಟು ನಂಟು ಇದ್ದರೂ ಅಷ್ಟನ್ನೂ ಅದು ಬರೆದುಕೊಳ್ಳುತ್ತಿತ್ತು. ಹಾಗಾಗಿ ನಿಧಾನ. ಇನ್ನೊಂದು ‘ಏಕವೃಕ್ಷ’, ಹೊರದೇಶದಿಂದ ಸಿದ್ಧವಾಗಿ ಬಂದದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತಿತ್ತು. ಆ ವೇಗಕ್ಕೆ ಕಾರಣ ಒಂದೇ: ಇಬ್ಬರು ಮನುಷ್ಯರ ನಡುವೆ ಒಂದೇ ದಾರಿ ಇರುತ್ತದೆ, ಕವಲೊಡೆದ ಕೊಂಬೆಗಳು ಮತ್ತೆ ಕೂಡುವುದಿಲ್ಲ ಎಂದು ಅದು ಮೊದಲೇ ನಂಬಿಕೊಂಡಿತ್ತು.

“ನಮ್ಮ ಕಡೆ ಕೂಡುತ್ತವೆ ಸರ್,” ಎಂದಿದ್ದಳು ಶರ್ವಾಣಿ. “ನಮ್ಮಜ್ಜಿ ನಮ್ಮ ತಾತನಿಗೆ ಅಕ್ಕನ ಮಗಳೇ. ಅಂಥ ಮನೆಗಳು ಲಕ್ಷಗಟ್ಟಲೆ ಇವೆ.”

ನಿರ್ದೇಶಕ ನಿರಂಜನಮೂರ್ತಿ ನಕ್ಕಿದ್ದರು. “ಹಳೇ ಕಾಲದ ಮಾತು ಬಿಡಿ. ವೈದ್ಯರೇ ಬೇಡ ಅಂತಾರೆ ಅಂಥ ಮದುವೆ. ಇನ್ನು ಎರಡು ತಲೆಮಾರಿಗೆ ಇರೋದೇ ಇಲ್ಲ.”

“ಈಗ ಇದಾರಲ್ಲ ಸರ್. ಸಂಪ್ರದಾಯ ಇದ್ದ ಕಡೆ ಕಾನೂನೂ ಒಪ್ಪಿದೆ. ನಾಳೆ ಮದುವೆ ಆಗೋರಿಗೆ ಬುದ್ಧಿ ಹೇಳೋಣ. ನಿನ್ನೆ ಆದವರನ್ನ ಏನ್ ಮಾಡೋದು?”

“ನಿಮ್ಮ ಆಕ್ಷೇಪ ದಾಖಲಿಸ್ಕೋತೀವಿ,” ಎಂದರು ನಿರಂಜನಮೂರ್ತಿ. ದಾಖಲಿಸಿಕೊಂಡರು, ಅರ್ಧ ಪುಟ. ಅದರ ಕೆಳಗೆ ಏಕವೃಕ್ಷವನ್ನು ಆರಿಸಿದ ಠರಾವು. ಏಳು ಸಹಿ. ಏಳನೆಯದು ಶರ್ವಾಣಿಯದು.

ಮೊದಮೊದಲು ಏನೂ ಆಗಲಿಲ್ಲ. ಜೋಡಿ ನಂಟುಗಳನ್ನು ಏಕವೃಕ್ಷ ಸಹಿಸಿಕೊಂಡಿತ್ತು, ಪಕ್ಕಕ್ಕೊಂದು ಹಳದಿ ಚುಕ್ಕೆ ಇಟ್ಟು. ಏಳನೇ ಆವೃತ್ತಿಯಲ್ಲಿ ಆ ಸಹನೆ ಮುಗಿಯಿತು. ಹಳದಿ ಚುಕ್ಕೆಗಳಿಗೆ ಒಂದು ಹೆಸರು ಬಂತು: ‘ಜೋಡಿನಂಟು ದೋಷ’. ಎರಡರಲ್ಲಿ ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯಬೇಕು. ಯಾವುದನ್ನು? ರಕ್ತದ ನಂಟಿಗೆ ಮಾದರಿಯ ಪುರಾವೆ ಇದೆ, ಮದುವೆಗೆ ಇರುವುದು ಜನರ ಮಾತಷ್ಟೇ. ಹಾಗಾಗಿ ಮದುವೆ ಹೋಗಲಿ ಎಂದು ಯಂತ್ರ ತೀರ್ಮಾನಿಸಿತು. ಅದನ್ನು ತಡೆಯುವ ಗುಂಡಿಯೊಂದಿತ್ತು. ನಿರಂಜನಮೂರ್ತಿ ಅದನ್ನು ಒತ್ತಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಯಂತ್ರಣ ಕೊಠಡಿಯ ಗೋಡೆಯಗಲದ ಪರದೆಯಲ್ಲಿ ಶರ್ವಾಣಿ ನೋಡುತ್ತಿದ್ದಂತೆಯೇ ಗೆರೆಗಳು ಆರತೊಡಗಿದವು. ಮೊದಲು ಚಾಮರಾಜನಗರ, ಆಮೇಲೆ ಮಂಡ್ಯ, ರಾಮನಗರ, ತುಮಕೂರು. ಚಹಾ ತಣ್ಣಗಾಗುವಷ್ಟು ಹೊತ್ತಿನಲ್ಲಿ ನಾಲ್ಕು ಲಕ್ಷದ ಹನ್ನೆರಡು ಸಾವಿರ ಮದುವೆಗಳು ಇಲ್ಲವಾದವು. ಅವಳು ತನ್ನ ಅಜ್ಜಿಯ ಹೆಸರನ್ನು ಹುಡುಕಿದಳು. ಸತ್ತು ಹನ್ನೆರಡು ವರ್ಷವಾಗಿದ್ದ ಅಜ್ಜಿ ಈಗ ಅವಿವಾಹಿತೆ.

“ಎಷ್ಟು ಸ್ವಚ್ಛ ಆಯ್ತು ನೋಡಿ,” ಎಂದರು ನಿರಂಜನಮೂರ್ತಿ. ಕೊಠಡಿಯಲ್ಲಿ ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು.

*

ಚನ್ನಪಟ್ಟಣದ ಮನೆಯ ಮುಂಗೋಣೆಯಲ್ಲಿ ಚೆಲುವರಾಜುವಿನ ಬೊಂಬೆ ಕಡೆಯುವ ಲೇತು ಸುಮ್ಮನೆ ನಿಂತಿತ್ತು. ನಲವತ್ತು ವರ್ಷ ಅವನು ಆಲೆ ಮರದ ತುಂಡುಗಳನ್ನು ಅದರಲ್ಲಿ ತಿರುಗಿಸಿ, ಅರಗಿನ ಬಣ್ಣ ಏರಿಸಿ, ಕುದುರೆ, ಬುಗುರಿ, ಗಿಲಕಿ ಮಾಡಿದ್ದ. ಈಗ ಹಗ್ಗದ ಮಂಚದ ಮೇಲೆ ಕಾಲು ಊದಿಸಿಕೊಂಡು ಕೂತು, ಹೆಂಡತಿ ಕಾಗದ ಹರಡುವುದನ್ನು ನೋಡುತ್ತಿದ್ದ.

ಜಯಶೀಲ ಎಲ್ಲವನ್ನೂ ಹೊರತೆಗೆದಿದ್ದಳು. ಲಗ್ನಪತ್ರಿಕೆ, ಮದುವೆಯ ಆಲ್ಬಂ, ರಿಜಿಸ್ಟ್ರಾರ್ ಕಚೇರಿಯ ಹಳೆಯ ಪತ್ರ, ರೇಷನ್ ಕಾರ್ಡು. ಎದುರಿಗೆ ಮಗಳು ಲಾವಣ್ಯ ಫೋನು ಹಿಡಿದು ಕೂತಿದ್ದಳು. ಐದು ತಿಂಗಳ ಬಸುರಿ. ಅಪ್ಪನಿಗೆ ತನ್ನದನ್ನು ಕೊಡುತ್ತೇನೆಂದರೆ ಡಾಕ್ಟರು ಬಿಲ್‌ಕುಲ್ ಒಪ್ಪಿರಲಿಲ್ಲ.

“ಏನಂತದೆ?” ಅಂದಳು ಜಯಶೀಲ.

“ಮದುವೆ ಪತ್ರಾನ ಮದುವೆ ಗೆರೆಗೆ ಲಗತ್ತಿಸಿ ಅಂತದೆ ಅವ್ವ. ಗೆರೆ ಮುಟ್ಟುಕ್ಕೋದ್ರೆ ಗೆರೆ ಇಲ್ಲ ಅಂತದೆ. ಹೊಸಾ ಗೆರೆ ಎಳೀತೀನಿ ಅಂದ್ರೆ ಜೋಡಿನಂಟು ದೋಷ ಅಂತದೆ.”

“ಯಾವನವ್ನು ದೋಷ ಅನ್ನೋನು?”

“ಯಾವನೂ ಇಲ್ಲ ಅವ್ವ. ಮಿಷನ್ನು.” ಲಾವಣ್ಯ ಫೋನನ್ನು ಮಗ್ಗುಲಿಗಿಟ್ಟಳು. ಅವಳ ಹೆಸರಿನ ಪಕ್ಕದಲ್ಲೂ ಒಂದು ಕೆಂಪು ಚುಕ್ಕೆ ಬಂದಿತ್ತು: ‘ಹೆತ್ತವರ ಸಂಬಂಧ ಪರಿಶೀಲನೆಯಲ್ಲಿದೆ.’ ಅತ್ತೆಮನೆಯವರು ಅದನ್ನು ನೋಡಿ ಏನೂ ಅಂದಿರಲಿಲ್ಲ. ಏನೂ ಅನ್ನದಿದ್ದುದೇ ಅವಳಿಗೆ ಮುಳ್ಳಾಗಿತ್ತು.

ಗೋಡೆಗೆ ಒರಗಿ ಪುಟ್ಟತಾಯಮ್ಮ ಕೂತಿದ್ದಳು. ಎಪ್ಪತ್ತೆರಡು ವಯಸ್ಸು. ಜಯಶೀಲಳ ತಾಯಿ, ಚೆಲುವರಾಜುವಿನ ಅಕ್ಕ. ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. “ನನ್ನದ ತಗೊಳ್ಳಿ ಅಂದೆ. ಸಕ್ಕರೆ ಕಾಯಿಲೆ, ಆಗಲ್ಲ ಅಂದ್ರು,” ಎಂದಳು. “ಅಲ್ಲ ಕಣ್ ಮಗ, ನಾನೇ ನಿಂತು ಧಾರೆ ಎರೆಸಿದ ಮದ್ವೆ. ನನ್ನ ಕೇಳಕ್ಕೂ ಒಬ್ರೂ ಬರ್ಲಿಲ್ವಲ್ಲ.”

ಚೆಲುವರಾಜು ಮೆಲ್ಲಗೆ, “ಹೋಗ್ಲಿ ಬುಡು ಶೀಲ. ಎಷ್ಟು ದಿನ ಇರ್ತೀನೋ ಇರ್ತೀನಿ,” ಎಂದ.

“ನೀನ್ ಬಾಯ್ ಮುಚ್ಕೊಂಡಿರು ಮಾವ,” ಎಂದು ಜಯಶೀಲ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿದಳು. “ಮಿಷನ್ನಂತೆ. ಆ ಮಿಷನ್ನ ಇಟ್ಕೊಂಡಿರೋರು ಮನುಷ್ಯರೇ ತಾನೇ. ಅವರನ್ನೇ ನೋಡ್ತೀನಿ.”

*

ಪ್ರಾಧಿಕಾರದ ಕಟ್ಟಡದಲ್ಲಿ ಜನರನ್ನು ಭೇಟಿ ಮಾಡುವ ಕೋಣೆಯೇ ಇರಲಿಲ್ಲ, ಯಾಕೆಂದರೆ ಯಾರೂ ಬರಬೇಕಾಗಿಲ್ಲ ಎಂಬುದೇ ಜಾಲದ ಹೆಗ್ಗಳಿಕೆ. ಜಯಶೀಲ ಗೇಟಿನ ಬಳಿ ಎರಡು ದಿನ ಕೂತಳು. ಎರಡನೇ ದಿನ ಮಧ್ಯಾಹ್ನ ಊಟಕ್ಕೆ ಹೊರಟ ಶರ್ವಾಣಿ ಅವಳ ಮಡಿಲಲ್ಲಿದ್ದ ಮದುವೆಯ ಆಲ್ಬಮ್ಮನ್ನು ನೋಡಿ ನಿಂತಳು.

“ಯಾವ ಊರಮ್ಮ?”

“ಚನ್ನಪಟ್ನ. ನನ್ ಮದ್ವೆ ಅಳಿಸಿರೋರು ಇಲ್ಲಿದ್ದಾರಂತೆ. ನೀವೇನಾ?”

ಶರ್ವಾಣಿ ಊಟಕ್ಕೆ ಹೋಗಲಿಲ್ಲ. ಅವಳನ್ನು ಒಳಗೆ ಕರೆದುಕೊಂಡು ಹೋಗಿ ನೀರು ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡಳು. ಆಸ್ಪತ್ರೆಯ ವರದಿಯನ್ನು ಕೊನೆಯವರೆಗೆ ಓದಿದಳು. ನೇರವಾಗಿ ನಿರ್ದೇಶಕರ ಕೋಣೆಗೆ ಕರೆದೊಯ್ದಳು.

“ಸರ್, ಇವರ ಗೆರೆಯನ್ನ ಕೈಯಾರೆ ಹಾಕೋಣ. ಒಂದೇ ಒಂದು.”

“ಹಾಕಿದ್ರೆ ಮರುದಿನ ಅದೇ ತೆಗೆಯುತ್ತೆ. ನಿಮಗೂ ಗೊತ್ತು. ನಿಯಮವನ್ನೇ ನಿಲ್ಲಿಸಬೇಕಾದ್ರೆ ಇಡೀ ಆವೃತ್ತಿ ಹಿಂದಕ್ಕೆ ಹೋಗಬೇಕು. ಆಗಲ್ಲ.” ನಿರಂಜನಮೂರ್ತಿ ಜಯಶೀಲಳ ಕಡೆ ತಿರುಗಿದರು. ಕೆಟ್ಟ ಮನುಷ್ಯನಂತೆ ಅವರೇನೂ ಕಾಣುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಉಪಕಾರ ಮಾಡುವವರ ದನಿಯಲ್ಲಿ ಮಾತಾಡಿದರು. “ನೋಡಿ ಅಮ್ಮ, ಒಂದು ದಾರಿ ಇದೆ. ತಂತ್ರಾಂಶಕ್ಕೆ ಬೇಡದ್ದು ಎರಡು ನಂಟು. ಒಂದಾದ್ರೆ ಅದಕ್ಕೆ ತಕರಾರಿಲ್ಲ. ಅಕ್ಕನ ಮಗಳು ಅನ್ನೋ ನಂಟು ಹೋದ್ರೆ, ಹೆಂಡತಿ ಅನ್ನೋದು ಮರುದಿನವೇ ವಾಪಸ್ ಬರುತ್ತೆ.”

“ಹೋದ್ರೆ ಅಂದ್ರೆ?”

“ನಿಮ್ಮ ರಕ್ತದ ಮಾದರಿಯನ್ನ ಜಾಲದಿಂದ ಹಿಂತೆಗೆದುಕೊಳ್ಳೋ ಹಕ್ಕು ನಿಮಗಿದೆ. ಆಮೇಲೆ ನೀವೂ ನಿಮ್ಮ ತಾಯಿಯೂ ಒಂದು ಹೇಳಿಕೆ ಕೊಟ್ರೆ ಸಾಕು. ಅವರು ನಿಮ್ಮ ಹೆತ್ತ ತಾಯಿ ಅಲ್ಲ ಅಂತ.”

“ನಮ್ಮವ್ವ ಬದುಕವಳೆ,” ಎಂದಳು ಜಯಶೀಲ.

“ಗೊತ್ತು. ಬರೀ ಕಾಗದದ ಮಾತು ಅಷ್ಟೇ. ಮನೇಲಿ ನೀವು ತಾಯಿ-ಮಗಳೇ.”

“ಕಾಗದದ ಮಾತು ಬರೀ ಮಾತಾಗಿದ್ರೆ ನಾನ್ಯಾಕೆ ಎರಡು ದಿನ ನಿಮ್ ಗೇಟಲ್ಲಿ ಕೂತಿರ್ತಿದ್ದೆ?” ಅವಳ ದನಿ ಏರಿತು. “ನನ್ ಗಂಡನ್ನ ಉಳಿಸ್ಕೋಬೇಕಾದ್ರೆ ಹೆತ್ತೋಳ ಹೆತ್ತೋಳಲ್ಲ ಅನ್ಬೇಕು. ಹಂಗ್ ಹೇಳೋಕೆ ನಿಮಗೆ ನಾಲಿಗೆ ಹೆಂಗ್ ಬಂತು ಸ್ವಾಮಿ? ತಪ್ಪು ನಿಮ್ ಮಿಷನ್ದು. ಸುಳ್ಳು ನಾನ್ ಹೇಳಬೇಕು!”

ಪಕ್ಕದ ಕುರ್ಚಿಯಲ್ಲಿ ಶರ್ವಾಣಿ ಕೂತಿದ್ದಳು. ಈ ದಾರಿ ಅವಳಿಗೂ ಹೊಳೆದಿತ್ತು, ಬಾಯಿಬಿಟ್ಟಿರಲಿಲ್ಲ ಅಷ್ಟೇ. ಈಗಲೂ ಬಾಯಿ ಬಿಡಲಿಲ್ಲ. ಬೇರೆ ಯಾವ ದಾರಿಗೂ ಆರು ವಾರ ಸಾಲದು ಎಂದು ಅವಳಿಗೆ ಗೊತ್ತಿತ್ತು. ಹೇಳಿಕೆಯ ನಮೂನೆಯನ್ನು ಅಚ್ಚು ಹಾಕಿ ಜಯಶೀಲಳ ಕೈಗೆ ಕೊಟ್ಟವಳೂ ಅವಳೇ.

*

ಕಾಗದವನ್ನು ಜಯಶೀಲ ಮನೆಗೆ ತಂದು ದೇವರ ಗೂಡಿನ ಕೆಳಗೆ ಮಡಿಸಿಟ್ಟಳು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೇ ದಿನ ಚೆಲುವರಾಜುವಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸಾಗಿಸಿ, ನೀರು ತೆಗೆಸಿ ಕರೆತಂದರು. ಆವತ್ತು ಸಂಜೆ ಸೊಪ್ಪು ಸೋಸುತ್ತಾ ಕೂತಿದ್ದ ತಾಯಿಯ ಮುಂದೆ ಅವಳು ಕಾಗದ ಬಿಚ್ಚಿದಳು. ಓದಿ ಹೇಳಿದಳು.

ಪುಟ್ಟತಾಯಮ್ಮ ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟಳು. “ಎಲ್ಲಿ ಹೆಬ್ಬೆಟ್ಟೊತ್ತಬೇಕು?”

“ಅವ್ವಾ.”

“ಎಲ್ಲಿ, ತೋರ್ಸು ಅಂದೆ. ಅವನು ನನ್ ತಮ್ಮ ಕಣೆ. ನಮ್ಮವ್ವ ಸಾಯೋವಾಗ ನನ್ ಕೈಗೆ ಕೊಟ್ಟು ಹೋದ್ಲು. ನಾನು ಹೆತ್ತಿದೀನೋ ಇಲ್ವೋ ಅಂತ ಆ ಕಾಗದಕ್ಕೇನು ಗೊತ್ತು? ಮೂರು ದಿನ ನೋವು ತಿಂದೋಳು ನಾನು.”

“ನನ್ ಕೈಯಲ್ಲಿ ಆಗಲ್ಲ ಅವ್ವ.”

“ಆಗ್ತದೆ. ಮಾಡು.” ಮಾದರಿ ವಾಪಸಿಗೂ ಕಾಗದದ ಹೇಳಿಕೆಗೂ ಹೆಬ್ಬೆಟ್ಟು ಒತ್ತಬೇಕಿದ್ದದ್ದು ಫೋನಿನ ಮೇಲೆ. ಅವಳು ತಾನೇ ಮಗಳ ಕೈ ಹಿಡಿದು ಒತ್ತಿಸಿದಳು. ಆಮೇಲೆ ತನ್ನ ಹೆಬ್ಬೆರಳು ಇಟ್ಟಳು. ಸೊಪ್ಪಿನ ತೇವ ಇದ್ದದ್ದರಿಂದ ಮೊದಲ ಸಲ ಹತ್ತಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು.

ಮರುದಿನ ಮದುವೆ ವಾಪಸು ಬಂತು. ಲಾವಣ್ಯಳ ಕೆಂಪು ಚುಕ್ಕೆ ಹೋಯಿತು. ಡಾಕ್ಟರ್ ನಫೀಸಾ ಪರದೆ ನೋಡಿ, ಜಯಶೀಲಳನ್ನು ನೋಡಿ, ಏನನ್ನೂ ಕೇಳದೆ ಶಸ್ತ್ರಚಿಕಿತ್ಸೆಯ ದಿನ ಗೊತ್ತು ಮಾಡಿದರು. ಕಸಿ ಹತ್ತಿತು. ಹದಿನೆಂಟನೇ ದಿನ ಚೆಲುವರಾಜು ಮನೆಗೆ ನಡೆದು ಬಂದ. ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಾಲಿಗೆ ಬಗ್ಗಲು ಹೋಗಿ ಹೊಲಿಗೆ ಹಿಡಿದು, ಅವಳ ಕೈಯಿಂದ ಬೈಸಿಕೊಂಡ.

*

ಪುಟ್ಟತಾಯಮ್ಮ ಅದಾದ ಮೂರು ತಿಂಗಳಿಗೆ ಹೋದಳು. ಮಲಗಿದ್ದಲ್ಲೇ, ಬೆಳಗಿನ ಕಾಫಿ ಕುಡಿದು. ಆ ಹೊತ್ತಿಗೆ ಲಾವಣ್ಯಳ ಹೆಣ್ಣುಕೂಸಿಗೆ ಇಪ್ಪತ್ತು ದಿನ.

ಸ್ಮಶಾನದಲ್ಲಿಯೂ ಒಂದು ಪರದೆ ಇತ್ತು. ಹೆಸರು ಹೇಳುತ್ತಿದ್ದಂತೆ ಅದು ಕುಟುಂಬಜಾಲದಿಂದ ಮರಣಪತ್ರವನ್ನು ತಾನೇ ಬರೆದು, ಎಲ್ಲ ನೆಂಟರ ಫೋನಿಗೂ ಕಳಿಸಿತು. ‘ಪುಟ್ಟತಾಯಮ್ಮ. ವಯಸ್ಸು ೭೨. ಸಂತಾನ: ಇಲ್ಲ. ಹತ್ತಿರದ ಸಂಬಂಧಿ: ತಮ್ಮ ಚೆಲುವರಾಜು.’

ಬಂದಿದ್ದವರೆಲ್ಲ ಅದನ್ನು ಓದಿದರು. ಯಾರೂ ತಲೆ ಎತ್ತಲಿಲ್ಲ. ಜಯಶೀಲ ಮಣ್ಣು ಹಾಕಲು ಮುಂದೆ ಹೋದಾಗ ಪರದೆ, “ಮೊದಲು ಹತ್ತಿರದ ಸಂಬಂಧಿ ಬರಬೇಕು,” ಎಂದಿತು. ಚೆಲುವರಾಜು ಪಕ್ಕದಲ್ಲಿದ್ದ ಕಲ್ಲು ಎತ್ತಿ ಅದಕ್ಕೆ ಹೊಡೆದ. ಅರವತ್ತೊಂದು ವರ್ಷ ಒಂದು ಇರುವೆಗೂ ಕೈ ಎತ್ತದಿದ್ದ ಮನುಷ್ಯ. ಗಾಜು ಬಿರುಕು ಬಿಟ್ಟರೂ ದನಿ ನಿಲ್ಲಲಿಲ್ಲ.

ತಿಥಿ ಮುಗಿದ ಮಾರನೆಯ ದಿನ ಜಯಶೀಲ ನೋಟುಬುಕ್ಕಿನ ಹಾಳೆಯೊಂದನ್ನು ಹರಿದು ತನ್ನ ಕೈಬರಹದಲ್ಲಿ ಬರೆದಳು. ‘ನಾನು ಸರ್ಕಾರಕ್ಕೆ ಸುಳ್ಳು ಹೇಳಿಕೆ ಕೊಟ್ಟಿದ್ದೇನೆ. ಪುಟ್ಟತಾಯಮ್ಮ ನನ್ನ ಹೆತ್ತ ತಾಯಿ. ನನ್ನ ಮೇಲೆ ಕೇಸು ಹಾಕಿ.’ ಅದನ್ನು ಪೊಲೀಸ್ ಠಾಣೆಗೆ ಕೊಟ್ಟು, ಒಂದು ಪ್ರತಿಯನ್ನು ಪ್ರಾಧಿಕಾರಕ್ಕೆ ಕಳಿಸಿದಳು.

ಅದು ಸೀದಾ ಶರ್ವಾಣಿಯ ಮೇಜಿಗೆ ಬಂತು. ಅವಳು ಓದಿ ಎದ್ದು ನಿಂತುಬಿಟ್ಟಳು. ಇಷ್ಟು ದಿನ ತನಗೆ ತೋಚದೆ ಹೋದದ್ದನ್ನು ಹೆಂಗಸೊಬ್ಬಳು ಮೂರು ಸಾಲಿನಲ್ಲಿ ಮಾಡಿ ಮುಗಿಸಿದ್ದಳು. ಜಯಶೀಲ ಸುಳ್ಳು ಹೇಳಿದಳೆಂದು ಸಾಬೀತಾಗಬೇಕಾದರೆ ಅವಳು ಪುಟ್ಟತಾಯಮ್ಮನ ಮಗಳೆಂದು ಜಾಲ ಒಪ್ಪಬೇಕು. ಒಪ್ಪಿದ ಕ್ಷಣವೇ ಜಾಲ ಅವಳ ಮದುವೆಯನ್ನು ಅಳಿಸುತ್ತದೆ. ಅಳಿಸಿದರೆ, ಪ್ರಾಧಿಕಾರವೇ ದಾರಿ ತೋರಿಸಿ ಮಾಡಿಸಿದ ಕಸಿ ಅಪರಾಧವಾಗುತ್ತದೆ. ಕೇಸು ಹಾಕದೆ ಬಿಟ್ಟರೆ, ಜಾಲಕ್ಕೆ ಯಾರು ಏನು ಸುಳ್ಳು ಬರೆಸಿದರೂ ನಡೆಯುತ್ತದೆ ಎಂದು ಒಪ್ಪಿಕೊಂಡಂತೆ.

“ಇದನ್ನ ಮುಚ್ಚಿಹಾಕಿ,” ಎಂದರು ನಿರಂಜನಮೂರ್ತಿ.

“ಇಲ್ಲ ಸರ್,” ಅಂದಳು ಶರ್ವಾಣಿ. ಆವತ್ತೇ ಸಮಿತಿಯ ನಡಾವಳಿ, ತನ್ನ ಅರ್ಧ ಪುಟದ ಆಕ್ಷೇಪ, ಒತ್ತದೆ ಬಿಟ್ಟ ಗುಂಡಿಯ ದಾಖಲೆ, ಎಲ್ಲವನ್ನೂ ಒಬ್ಬ ವಕೀಲರ ಕೈಗೆ ಕೊಟ್ಟಳು. ಮರುದಿನ ಅವಳನ್ನು ಅಮಾನತು ಮಾಡಿದರು.

ಸುದ್ದಿ ಹರಡಿತು. ಗಂಡನ ಮನೆಯ ಹಕ್ಕಿಗೆ, ಮಕ್ಕಳ ಶಾಲೆಗೆ, ಆಸ್ಪತ್ರೆಗೆ ಎಂದು ತಾಯಿಯನ್ನು ಬಿಟ್ಟುಕೊಟ್ಟಿದ್ದವರು ಜಯಶೀಲ ಒಬ್ಬಳೇ ಆಗಿರಲಿಲ್ಲ. ಕೊಳ್ಳೇಗಾಲದಿಂದ, ಕುಣಿಗಲ್ಲಿನಿಂದ, ಹಿರಿಯೂರಿನಿಂದ ನೋಟುಬುಕ್ಕಿನ ಹಾಳೆಗಳು ಠಾಣೆಗಳಿಗೆ ಬಂದವು. ‘ನಾನು ಸುಳ್ಳು ಹೇಳಿದ್ದೇನೆ. ನನ್ನ ಮೇಲೆ ಕೇಸು ಹಾಕಿ.’ ಎರಡು ತಿಂಗಳಲ್ಲಿ ಮೂವತ್ತಾರು ಸಾವಿರ. ಶರ್ವಾಣಿಯ ವಕೀಲರು ವಿಷಯವನ್ನು ನ್ಯಾಯಾಲಯಕ್ಕೆ ಒಯ್ದರು. ಅಲ್ಲಿ ನ್ಯಾಯಾಧೀಶರು ಪ್ರಾಧಿಕಾರದ ವಕೀಲರನ್ನು ಒಂದೇ ಪ್ರಶ್ನೆ ಕೇಳಿದರು: “ಈಕೆ ಮಗಳು, ಈಕೆ ಹೆಂಡತಿ. ಎರಡರಲ್ಲಿ ಯಾವುದು ಸುಳ್ಳು?” ವಕೀಲರು ಸಮಯ ಕೇಳಿದರು. ಎರಡು ಸಲ ಕೇಳಿದರು. ಮೂರನೇ ಸಲ ಕೊಡಲಿಲ್ಲ.

ಏಕವೃಕ್ಷವನ್ನು ಕಿತ್ತುಹಾಕಿ ಎಳೆಯನ್ನು ತರಬೇಕೆಂದು ಆದೇಶವಾಯಿತು. ನಿರಂಜನಮೂರ್ತಿ ರಜೆ ಹಾಕಿದರು. ದಾಖಲೆಗಳನ್ನು ಎಳೆಗೆ ಸಾಗಿಸಬಲ್ಲವರು ಬೇರೆ ಯಾರೂ ಇಲ್ಲದೆ ಶರ್ವಾಣಿಯನ್ನು ವಾಪಸು ಕರೆದರು. ಅವಳು ಮೈಸೂರಿನಲ್ಲಿ ಕೂರಲಿಲ್ಲ. ತಾಲ್ಲೂಕು ತಾಲ್ಲೂಕಿಗೆ ಹೋಗಿ, ಬಯಲಲ್ಲಿ ಶಾಮಿಯಾನ ಹಾಕಿಸಿ, ಜನರ ಬಾಯಿಂದಲೇ ಕೇಳಿ ಬರೆಸತೊಡಗಿದಳು.

*

ಚನ್ನಪಟ್ಟಣದ ಸರದಿ ಬಂದಾಗ ಜಯಶೀಲ ಮೊಮ್ಮಗಳನ್ನು ಎತ್ತಿಕೊಂಡೇ ಬಂದಳು. ಕೂಸಿಗೆ ಹತ್ತು ತಿಂಗಳು, ಹಲ್ಲು ಬರುವ ಹೊತ್ತು, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿತ್ತು.

ಶರ್ವಾಣಿ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಅಲ್ಲಿ ಜಯಶೀಲಳಿಂದ ಚೆಲುವರಾಜುವಿಗೆ ಎರಡು ಗೆರೆ. ಪುಟ್ಟತಾಯಮ್ಮನ ಕೆಳಗೆ ಮಗಳು. ಒಂದೊಂದು ಗೆರೆಯ ಪಕ್ಕದಲ್ಲೂ ಯಾರು ಹೇಳಿದ್ದು, ಯಾವತ್ತು ಹೇಳಿದ್ದು ಎಂಬ ಸಣ್ಣ ಬರಹ.

“ಸರಿ ಇದೆಯಾ ಅಮ್ಮ?”

“ಸರಿ ಅದೆ.”

“ಇನ್ನೊಂದು ಕಾಗದ ಇದೆ.” ಶರ್ವಾಣಿ ಅದನ್ನು ಮುಂದಿಟ್ಟಳು. “ಪ್ರಾಧಿಕಾರದವರು ಕಳಿಸಿದ್ದು. ನೀವು ಕೊಟ್ಟಿದ್ದ ಆ ಹೇಳಿಕೆ, ತಾಯಿ ಅಲ್ಲ ಅಂತ ಇದ್ದದ್ದು, ಅದನ್ನ ಪೂರ್ತಿ ಅಳಿಸೋಕೆ ನಿಮ್ಮ ಒಪ್ಪಿಗೆ ಕೇಳಿದ್ದಾರೆ. ಎಲ್ಲರನ್ನೂ ಕೇಳ್ತಿದ್ದಾರೆ. ಒಪ್ಪಿದ್ರೆ ಅಂಥದ್ದೊಂದು ನಡೆದೇ ಇಲ್ಲ ಅನ್ನೋ ಹಾಗೆ ಆಗುತ್ತೆ.”

“ಅಳಿಸಿದ್ರೆ ಯಾರಿಗೆ ಒಳ್ಳೇದು?”

ಶರ್ವಾಣಿ ಕಾಗದವನ್ನು ಮೇಜಿನ ಮೇಲೆ ಮಗುಚಿಟ್ಟಳು.

“ನಮ್ಮವ್ವ ಮಕ್ಕಳಿಲ್ದೋಳು ಅನ್ನಿಸ್ಕೊಂಡು ಮಣ್ಣಿಗೋದ್ಲು,” ಅಂದಳು ಜಯಶೀಲ. ದನಿ ಏರಿಸಲಿಲ್ಲ. “ಅದು ನಡೆದೇ ಇಲ್ಲ ಅಂತ ನಾನ್ ಹೆಂಗ್ ಬರ್ಕೊಡ್ಲಿ? ಒಂದ್ ಸುಳ್ಳು ಹೇಳಿ ಸಾಕಾಗದೆ. ಇನ್ನೊಂದು ಹೇಳಲ್ಲ. ಎಲ್ಲದೆ ಆ ಹೇಳಿಕೆ? ತೆಗೀರಿ.”

ಶರ್ವಾಣಿ ತೆಗೆದಳು. ‘ಪುಟ್ಟತಾಯಮ್ಮ ನನ್ನ ಹೆತ್ತ ತಾಯಿ ಅಲ್ಲ. ಹೇಳಿದವರು: ಜಯಶೀಲ.’

“ಹೇಳಿದೋಳು ನಾನೇ. ನಿಜ. ಹೇಳಿಸಿದೋರು ಯಾರು ಅಂತ ಎಲ್ಲಿ ಹಾಕಿದ್ದೀರಿ?”

“ಅದಕ್ಕೆ ಜಾಗ ಇಲ್ಲ ಅಮ್ಮ.”

“ಮಾಡಿ.”

ಎಳೆಯಲ್ಲಿ ಹೊಸ ಅಂಕಣ ಸೇರಿಸಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಶರ್ವಾಣಿ ‘ಹೇಳಿಸಿದವರು’ ಎಂದು ಟೈಪು ಮಾಡಿದಳು. ಮುಂದೆ ನಿರಂಜನಮೂರ್ತಿಯ ಪೂರ್ತಿ ಹೆಸರು, ಹುದ್ದೆ, ದಿನಾಂಕ. ಬೆರಳು ತೆಗೆದು ಜಯಶೀಲಳ ಮುಖ ನೋಡಿದಳು.

“ಆ ದಿನ ಪಕ್ಕದ ಕುರ್ಚಿಯಲ್ಲಿ ನೀವೂ ಇದ್ರಲ್ಲವ್ವ,” ಎಂದಳು ಜಯಶೀಲ. “ಕಾಗದ ಅಚ್ಚಾಕಿ ಕೊಟ್ಟೋರು ನೀವು.”

“ಹೌದು,” ಎಂದಳು ಶರ್ವಾಣಿ.

ಅವಳು ಕೆಳಗಿನ ಸಾಲಿಗೆ ಇಳಿದು ತನ್ನ ಹೆಸರನ್ನು ಬರೆದಳು. ಜಯಶೀಲ ಕೂಸನ್ನು ಎಡಗೈಗೆ ಬದಲಿಸಿ, ಮುಂದೆ ಬಾಗಿ, ಎರಡೂ ಹೆಸರುಗಳನ್ನು ಒಂದಕ್ಷರವೂ ಬಿಡದಂತೆ ಓದಿದಳು. ಆಮೇಲೆ ಹೆಬ್ಬೆರಳು ಒತ್ತಿದಳು.